11,800 ರೂಪಾಯಿಯ ‘ಪ್ರೊಫೈಲ್’ ಸೇವೆ: ಮೊದಲ ಒಂದು ಗಂಟೆಗೆ ಮಾತ್ರ ಸಲ್ಲುವ ಬೆಲೆ

ಕಾಲೇಜಿನಲ್ಲಿ ಪಾಠದ ಹೊರಗೆ ಮಾಡಿದ ಕೆಲಸಗಳನ್ನು ಕಂಪನಿಗಳಿಗೂ ವಿದೇಶದ ವಿಶ್ವವಿದ್ಯಾಲಯಗಳಿಗೂ ಒಪ್ಪುವ ರೀತಿಯಲ್ಲಿ ಬರೆದುಕೊಡುತ್ತೇವೆ ಎಂದು ಹೇಳಿಕೊಳ್ಳುವ ಸಂಸ್ಥೆಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ಅಂಥ ಒಂದು ಸಂಸ್ಥೆಯ ಸೇವೆಯನ್ನು ನನ್ನ ಅಣ್ಣನ ಮಗಳು ಕಳೆದ ವರ್ಷ ಪಡೆದಳು. ಅವಳು ಶಿವಮೊಗ್ಗ ಜಿಲ್ಲೆಯ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಕ್ಯಾಂಪಸ್ ಸಂದರ್ಶನಗಳಿಗೆ ಒಂದು ರೆಸ್ಯೂಮೆ ಬೇಕಾಗಿತ್ತು. ಜೊತೆಗೆ ಜರ್ಮನಿಯ ಸ್ಟುಟ್‌ಗಾರ್ಟ್ ಮತ್ತು ಡ್ರೆಸ್ಡೆನ್ ವಿಶ್ವವಿದ್ಯಾಲಯಗಳಲ್ಲಿ ಜಲಸಂಪನ್ಮೂಲಕ್ಕೆ ಸಂಬಂಧಿಸಿದ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕುವ ಆಸೆಯೂ ಇತ್ತು. ‘ನೀನು ಕಾಲೇಜಿನಲ್ಲಿ ಹನ್ನೊಂದು ವರ್ಷ ರಾಷ್ಟ್ರೀಯ ಸೇವಾ ಯೋಜನೆ (ಎನ್.ಎಸ್.ಎಸ್.) ನೋಡಿಕೊಂಡವನು, ಇವರು ಕೊಡುವುದು ಸರಿಯೋ ಅಲ್ಲವೋ ಸ್ವಲ್ಪ ನೋಡು’ ಎಂದು ಅಣ್ಣ ಹೇಳಿದ್ದರಿಂದ ನಾನು ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಇಲ್ಲಿ ಹೇಳುತ್ತಿಲ್ಲ. ಇದೇ ಬಗೆಯ ಸೇವೆಗೆ ಹಣ ಕಟ್ಟಲು ಯೋಚಿಸುತ್ತಿರುವ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಉಪಯೋಗವಾಗಲಿ ಎಂಬ ಉದ್ದೇಶದಿಂದ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಂಡಂತೆ ಬರೆಯುತ್ತಿದ್ದೇನೆ.

ಶುಲ್ಕ 10,000 ರೂಪಾಯಿ, ಅದರ ಮೇಲೆ ಶೇಕಡ 18ರ ಜಿ.ಎಸ್.ಟಿ. ಸೇರಿ 11,800. ಇದಕ್ಕೆ ಅವರು ಕೊಡುವುದಾಗಿ ಹೇಳಿದ್ದು ತಲಾ ಒಂದು ಗಂಟೆಯ ಎರಡು ಆನ್‌ಲೈನ್ ಮಾತುಕತೆ, ಕಂಪನಿಗಳಿಗೆ ಒಂದು ಪುಟದ ರೆಸ್ಯೂಮೆ, ವಿಶ್ವವಿದ್ಯಾಲಯಗಳಿಗೆ ಎರಡು ಪುಟದ ಸಿ.ವಿ., ಲಿಂಕ್ಡ್‌ಇನ್ ಪುಟಕ್ಕೆ ಬೇಕಾದ ಬರಹ ಮತ್ತು ಎರಡು ಸಲ ತಿದ್ದುಪಡಿ. ವಿಶ್ವವಿದ್ಯಾಲಯಕ್ಕೆ ಬರೆಯಬೇಕಾದ ಉದ್ದೇಶ ಪತ್ರಕ್ಕೆ ಬೇರೆಯೇ ದರ. ಏಳು ದಿನದೊಳಗೆ ಎಲ್ಲವೂ ಸಿದ್ಧ ಎಂದಿದ್ದರು, ಹನ್ನೆರಡು ದಿನ ಹಿಡಿಯಿತು. ಅದನ್ನು ನಾನು ದೊಡ್ಡ ಲೋಪವೆಂದು ಎಣಿಸುವುದಿಲ್ಲ. ಆ ವಾರ ದಸರಾ ರಜೆ ಬಂದಿತ್ತು.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದಾಗಿತ್ತು. ಹಣ ಕಟ್ಟಿದ ದಿನ ಒಂದು ಅರ್ಜಿ ನಮೂನೆ ಕಳುಹಿಸಿದ್ದರು. ಅದರ ಪಠ್ಯೇತರ ಚಟುವಟಿಕೆಗಳ ಕಾಲಂನಲ್ಲಿ ನಮ್ಮ ಹುಡುಗಿ ನಾಲ್ಕು ಸಾಲು ಬರೆದಿದ್ದಳು: ಎನ್.ಎಸ್.ಎಸ್. ಸ್ವಯಂಸೇವಕಿ, ವಿಶೇಷ ಶಿಬಿರದಲ್ಲಿ ಭಾಗವಹಿಸಿದ್ದೇನೆ. ಕಾಲೇಜಿನ ಡೊಳ್ಳು ತಂಡದ ಸದಸ್ಯೆ. ಕನ್ನಡ ಸಂಘದ ಕಾರ್ಯದರ್ಶಿ. ಹೆಗ್ಗೋಡಿನಲ್ಲಿ ಸಂಸ್ಕೃತಿ ಶಿಬಿರ. ಇಷ್ಟನ್ನೇ ಬರೆದದ್ದಕ್ಕೆ ಅವಳನ್ನು ದೂರುವಂತಿಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರಮಾಣಪತ್ರಗಳೆಲ್ಲವೂ ‘ಭಾಗವಹಿಸಿದ್ದಾರೆ’ ಎಂಬ ಒಂದೇ ಕ್ರಿಯಾಪದದ ಮೇಲೆ ನಿಂತಿರುತ್ತವೆ. ಶಿಬಿರದಲ್ಲಿ ಏಳು ದಿನ ಬೆವರು ಸುರಿಸಿದವನಿಗೂ ಏಳು ದಿನ ಅಡುಗೆಮನೆಯ ಹಿಂದೆ ಮೊಬೈಲು ನೋಡುತ್ತ ಕುಳಿತವನಿಗೂ ನಾವು ಕೊಡುವ ಕಾಗದ ಒಂದೇ.

ಮೊದಲ ಮಾತುಕತೆಯಲ್ಲಿ ಸಲಹೆಗಾರ್ತಿ ಆ ನಾಲ್ಕು ಸಾಲುಗಳನ್ನು ಓದಿ, ಇನ್ನೇನಿದೆ ಎಂದು ಕೇಳಲಿಲ್ಲ. ‘ಶಿಬಿರದ ಮೂರನೆಯ ದಿನ ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಏನೇನು ಮಾಡಿದಿರಿ, ಹೇಳಿ’ ಎಂದರು.

‘ಅಷ್ಟು ನೆನಪಿಲ್ಲ ಮೇಡಂ, ಡೈರಿ ನೋಡಬೇಕು.’

‘ಡೈರಿ ಬರೆದಿದ್ದೀರಾ? ಹಾಗಾದರೆ ಎದ್ದು ಹೋಗಿ ತನ್ನಿ, ನಾನು ಕಾಯುತ್ತೇನೆ.’

ಎನ್.ಎಸ್.ಎಸ್. ಸ್ವಯಂಸೇವಕರು ತಮ್ಮ ಸೇವೆಯ ಗಂಟೆಗಳನ್ನು ಒಂದು ದಿನಚರಿಯಲ್ಲಿ ಬರೆದಿಡಬೇಕೆಂಬ ನಿಯಮವಿದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಪೂರೈಸಿ, ಏಳು ದಿನಗಳ ಒಂದು ವಿಶೇಷ ಶಿಬಿರವನ್ನೂ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ದಿನಚರಿಗೆ ಕಾರ್ಯಕ್ರಮಾಧಿಕಾರಿ ಸಹಿ ಹಾಕುತ್ತಾರೆ, ಬಹುಪಾಲು ಓದದೆಯೇ. ನಾನೂ ಹಾಗೆಯೇ ಹಾಕಿದ್ದೇನೆ, ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ, ನೂರು ದಿನಚರಿಗಳ ರಾಶಿಯನ್ನು ಮುಂದಿಟ್ಟುಕೊಂಡು. ಆ ದಿನ ಸಲಹೆಗಾರ್ತಿ ಅದೇ ದಿನಚರಿಯ ಮೂರು ಪುಟಗಳನ್ನು ಗಟ್ಟಿಯಾಗಿ ಓದಿಸಿದಾಗ ಹೊರಬಂದ ಸಂಗತಿ ಮನೆಯಲ್ಲಿ ನಮಗಾರಿಗೂ ಗೊತ್ತಿರಲಿಲ್ಲ.

ಶಿಬಿರ ನಡೆದ ಊರಿನಲ್ಲಿ ಬೇಸಿಗೆಯಲ್ಲಿ ನೀರಿಗೆ ತೊಂದರೆ. ಬೆಳಿಗ್ಗೆ ಶ್ರಮದಾನ ಮುಗಿದ ಮೇಲೆ ನಾಲ್ಕು ವಿದ್ಯಾರ್ಥಿಗಳ ಒಂದು ತಂಡ ಮೂರು ದಿನ 63 ಮನೆಗಳಿಗೆ ಹೋಗಿ, 38 ತೆರೆದ ಬಾವಿಗಳಲ್ಲಿ ಯಾವುದು ಯಾವಾಗ ಬತ್ತುತ್ತದೆ ಎಂದು ಕೇಳಿ ಬರೆದುಕೊಂಡಿತ್ತು. ಊರಿನವರು ಉತ್ತರ ಕೊಟ್ಟದ್ದು ಇಂಗ್ಲಿಷ್ ತಿಂಗಳ ಲೆಕ್ಕದಲ್ಲಲ್ಲ. ‘ಶಿವರಾತ್ರಿ ಹೊತ್ತಿಗೆ ತಳ ಕಾಣ್ತದೆ’, ‘ಯುಗಾದಿ ಕಳೆದ ಮೇಲೆ ಒಂದು ಕೊಡ ತುಂಬಕ್ಕೆ ಅರ್ಧ ಗಂಟೆ ಬೇಕು’ ಎಂಬ ರೀತಿಯಲ್ಲಿ. ಹಬ್ಬದ ಲೆಕ್ಕವನ್ನು ತಿಂಗಳಿಗೆ ಹೊಂದಿಸಿ, ಬಾವಿಗಳನ್ನು ಮೂರು ಬಣ್ಣಗಳಲ್ಲಿ ಗುರುತಿಸಿ ಊರಿನ ನಕ್ಷೆ ಬರೆದವಳು ನಮ್ಮ ಹುಡುಗಿ. ಶಿಬಿರದ ಸಮಾರೋಪದ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಅದರ ಒಂದು ಪ್ರತಿಯನ್ನು ಕೇಳಿ ಪಡೆದಿದ್ದರಂತೆ. ಜಲಸಂಪನ್ಮೂಲ ಓದಲು ಹೊರಟವಳು ಇದನ್ನೆಲ್ಲ ‘ವಿಶೇಷ ಶಿಬಿರದಲ್ಲಿ ಭಾಗವಹಿಸಿದ್ದೇನೆ’ ಎಂಬ ಒಂದು ಸಾಲಿನೊಳಗೆ ಮುಚ್ಚಿಟ್ಟಿದ್ದಳು.

ಡೊಳ್ಳು ತಂಡದ ವಿಚಾರದಲ್ಲೂ ಹೀಗೆಯೇ ಆಯಿತು. ಎಷ್ಟು ಜನ, ಎಷ್ಟು ಪ್ರದರ್ಶನ, ಡೊಳ್ಳುಗಳನ್ನು ಎಲ್ಲಿಂದ ತಂದಿರಿ, ಬಾಡಿಗೆ ಕೊಟ್ಟವರು ಯಾರು, ಟೆಂಪೋದವನಿಗೆ ಹಣ ಕೊಟ್ಟದ್ದು ಯಾರು ಎಂದು ಕೇಳುತ್ತ ಹೋದಂತೆ, ಹದಿನಾಲ್ಕು ಹುಡುಗಿಯರ ತಂಡದ ಎರಡು ವರ್ಷದ ಜಮಾಖರ್ಚು ಇವಳ ಕೈಯಲ್ಲಿತ್ತೆಂದೂ, ಯುವಜನೋತ್ಸವಕ್ಕೆ ಹೋಗುವ ಮುನ್ನ ಕಾಲೇಜಿನಿಂದ ಮುಂಗಡ ಪಡೆದು ಬಿಲ್ಲುಗಳೊಂದಿಗೆ ಲೆಕ್ಕ ಒಪ್ಪಿಸಿದ್ದಳೆಂದೂ ತಿಳಿಯಿತು. ಕಂಪನಿಯವರಿಗೆ ಕುಣಿತದ ಬಗ್ಗೆ ಕುತೂಹಲ ಇರಲಿ ಇಲ್ಲದಿರಲಿ, ಇಪ್ಪತ್ತೊಂದು ವರ್ಷದವಳೊಬ್ಬಳು ಬೇರೆಯವರ ಹಣಕ್ಕೆ ಲೆಕ್ಕ ಕೊಟ್ಟಿದ್ದಾಳೆ ಎಂಬುದು ಅವರಿಗೆ ಅರ್ಥವಾಗುವ ಮಾತು ಎಂದು ಸಲಹೆಗಾರ್ತಿ ವಿವರಿಸಿದರು. ಸಂದರ್ಭ ಏನಿತ್ತು, ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ನೀವೇ ಮಾಡಿದ್ದೇನು, ಕೊನೆಗೆ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಚಟುವಟಿಕೆಗೂ ಕೇಳುವ ಈ ಕ್ರಮ ಅವರ ಸ್ವಂತದ್ದೇನಲ್ಲ. ಉದ್ಯೋಗ ಸಂದರ್ಶನದ ತರಬೇತಿಗಳಲ್ಲಿ ‘ಸ್ಟಾರ್’ ಎಂಬ ಹೆಸರಿನಿಂದ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಕ್ರಮ ಗೊತ್ತಿರುವುದು ಬೇರೆ, ಸಂಕೋಚದ ಹುಡುಗಿಯೊಬ್ಬಳ ಬಾಯಿಂದ ಉತ್ತರ ಹೊರಡಿಸುವುದು ಬೇರೆ. ಆ ಒಂದು ಗಂಟೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ತಕರಾರು ಶುರುವಾಗುವುದು ಬರಹ ಕೈಸೇರಿದ ಮೇಲೆ. ಬರೆದವರು ಸಲಹೆಗಾರ್ತಿಯಲ್ಲ, ಅವರ ‘ಕಂಟೆಂಟ್ ತಂಡ’ ಎಂಬುದು ನಮಗೆ ಆಮೇಲೆ ತಿಳಿಯಿತು. ಬಹುಶಃ ಕೆಡುಕಿಗೆಲ್ಲ ಮೂಲ ಅದೇ. ಬಾವಿಗಳ ಸಮೀಕ್ಷೆಯ ಬಗ್ಗೆ ರೆಸ್ಯೂಮೆಯಲ್ಲಿ ಬಂದಿದ್ದ ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ, ‘500ಕ್ಕೂ ಹೆಚ್ಚು ಜನರ ಬದುಕಿನ ಮೇಲೆ ಪರಿಣಾಮ ಬೀರಿದ ಗ್ರಾಮವ್ಯಾಪಿ ಜಲಸಂರಕ್ಷಣಾ ಅಭಿಯಾನದ ಮುಂಚೂಣಿ ನೇತೃತ್ವ’ ಎಂದಾಗುತ್ತದೆ. ಅಲ್ಲಿ ಅಭಿಯಾನ ನಡೆದಿರಲಿಲ್ಲ, ನೀರಿನ ಸಂರಕ್ಷಣೆಯೂ ಆಗಿರಲಿಲ್ಲ, ಆದದ್ದು ಸಮೀಕ್ಷೆ. ನಾಲ್ವರಲ್ಲಿ ಇವಳೊಬ್ಬಳು ಎಂಬುದು ಮಾಯವಾಗಿತ್ತು. 63 ಮನೆಗೆ ತಲಾ ಐವರೆಂದು ಹಿಡಿದರೂ 315 ಆಗುತ್ತದೆಯೇ ಹೊರತು 500 ಆಗುವುದಿಲ್ಲ. ಈ ವಾಕ್ಯದ ನಿಜವಾದ ದೋಷ ಉತ್ಪ್ರೇಕ್ಷೆಯಲ್ಲ, ಉತ್ಪ್ರೇಕ್ಷೆಗಾಗಿ ಅದು ಬಿಟ್ಟುಕೊಟ್ಟ ವಸ್ತುವಿನಲ್ಲಿದೆ: ಬಾವಿ ಇಲ್ಲ, ನಕ್ಷೆ ಇಲ್ಲ, ಹಬ್ಬದ ಲೆಕ್ಕವಿಲ್ಲ. ಅದೇ ವಾಕ್ಯವನ್ನು ಕೆರೆಯ ಹೂಳೆತ್ತಿದವನಿಗೂ ಹಚ್ಚಬಹುದು, ನೀರು ಉಳಿಸಿ ಎಂದು ಜಾಥಾ ಹೊರಟವನಿಗೂ ಹಚ್ಚಬಹುದು.

ನಾವು ತಿದ್ದಿಸುವಷ್ಟರಲ್ಲಿ ಒಂದು ಕಂಪನಿಯ ಅರ್ಜಿಯ ಗಡುವು ಬಂದು, ಅದೇ ರೆಸ್ಯೂಮೆ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಮೂಲಕ ಹೋಗಿಬಿಟ್ಟಿತ್ತು. ಸಂದರ್ಶನದಲ್ಲಿ ಹಿರಿಯರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ‘ಈ ಐನೂರು ಎಂಬ ಸಂಖ್ಯೆ ಹೇಗೆ ಬಂತು?’ ಎಂದು ಕೇಳಿದರಂತೆ. ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ಅದು ಸರಿಯಿಲ್ಲ, ನಾವು ಹೋದದ್ದು 63 ಮನೆಗೆ’ ಎಂದು ಹೇಳಿ ನಡೆದದ್ದನ್ನು ವಿವರಿಸಿದ್ದಾಳೆ. ಮುಂದಿನ ಹತ್ತು ನಿಮಿಷ ಮಾತು ಬಾವಿಗಳ ಬಗ್ಗೆಯೇ ನಡೆದರೂ ಆ ಕೆಲಸ ಅವಳಿಗೆ ಸಿಗಲಿಲ್ಲ. ಈ ಸಾಲೇ ಅದಕ್ಕೆ ಕಾರಣ ಎಂದು ನಾನು ಹೇಳಲಾರೆ. ಅಂದಿನ ತಾಂತ್ರಿಕ ಪ್ರಶ್ನೆಗಳಲ್ಲೂ ಅವಳು ಎರಡು ಕಡೆ ತಡವರಿಸಿದ್ದಳು. ಆದರೂ ‘ಚಿಕ್ಕಪ್ಪ, ನಾನು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡ ಹಾಗಾಯಿತಲ್ಲ’ ಎಂದು ಆ ಸಂಜೆ ಅವಳು ಫೋನಿನಲ್ಲಿ ಹೇಳಿದಾಗ, ಆ ಕಂಟೆಂಟ್ ತಂಡದವರ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಎರಡನೆಯ ತಕರಾರು ಹೆಗ್ಗೋಡಿನ ಶಿಬಿರದ್ದು. ಆ ಶಿಬಿರ ನಡೆಸುವ ನೀನಾಸಂ ಸಂಸ್ಥೆಯ ಹೆಸರನ್ನೇ ಅವರು ತೆಗೆದುಹಾಕಿದ್ದರು. ಕೇಳಿದ್ದಕ್ಕೆ, ಎಚ್.ಆರ್. ವಿಭಾಗದವರಿಗೆ ಗೊತ್ತಿಲ್ಲದ ಹೆಸರುಗಳಿಂದ ಜಾಗ ವ್ಯರ್ಥವಾಗುತ್ತದೆ ಎಂಬ ಉತ್ತರ ಬಂತು. ಕಂಪನಿಗೆ ಹೋಗುವ ಒಂದು ಪುಟದ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಎರಡು ಪುಟದ ಸಿ.ವಿ.ಯಲ್ಲಿಯೂ ಅದು ಇರಲಿಲ್ಲ. ಓದುವವರಿಗೆ ಗೊತ್ತಿಲ್ಲದ ಸಂಸ್ಥೆಯನ್ನು ಕೈಬಿಡಬೇಕಾಗಿಲ್ಲ, ಅರ್ಧ ಸಾಲಿನಲ್ಲಿ ಪರಿಚಯಿಸಿದರೆ ಸಾಕು: ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ. ಇಷ್ಟು ಬರೆದರೆ ಡ್ರೆಸ್ಡೆನ್ನಿನಲ್ಲಿ ಕುಳಿತವರಿಗೂ ಇದು ಊರ ಜಾತ್ರೆಯ ನಾಟಕವಲ್ಲ ಎಂದು ತಿಳಿಯುತ್ತದೆ. (ಊರ ಜಾತ್ರೆಯ ನಾಟಕ ಕಡಿಮೆಯದೆಂದು ನನ್ನ ಅಭಿಪ್ರಾಯವಲ್ಲ, ಅದರ ಲೆಕ್ಕವೇ ಬೇರೆ.) ನೆರೆಯ ಜಿಲ್ಲೆಗಳಿಗೆ ಚೆನ್ನಾಗಿ ಗೊತ್ತಿರುವ ಎಷ್ಟೋ ಸಂಸ್ಥೆಗಳ, ಬಹುಮಾನಗಳ, ಪದವಿಗಳ ವಿಚಾರದಲ್ಲಿಯೂ ನಮ್ಮ ಮಕ್ಕಳು ಇದೇ ತಪ್ಪು ಮಾಡುತ್ತಾರೆ, ‘ಯೂನಿವರ್ಸಿಟಿ ಬ್ಲೂ’ ಎಂದಷ್ಟೇ ಬರೆದು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಆಡಿದ್ದೇನೆ ಎಂಬ ಅರ್ಥವನ್ನು ಬಿಡಿಸಿ ಹೇಳುವುದಿಲ್ಲ. ಡೊಳ್ಳನ್ನು ‘ಡ್ರಮ್’ ಎಂದು, ಡೊಳ್ಳು ಕುಣಿತವನ್ನು ‘ಜಾನಪದ ನೃತ್ಯ’ ಎಂದು ಬರೆದದ್ದನ್ನು ಮಾತ್ರ ನಾನು ಕ್ಷಮಿಸಿದೆ, ಶಿವಮೊಗ್ಗೆಯವನಾಗಿ ಕಷ್ಟಪಟ್ಟು.

ಮೂರನೆಯದು ಇನ್ನೂ ವಿಚಿತ್ರ. ‘ಸಾಧನೆಗಳು’ ಎಂಬ ಶೀರ್ಷಿಕೆಯ ಕೆಳಗೆ, ದಪ್ಪ ಅಕ್ಷರದಲ್ಲಿ, ‘100 ಎ.ಐ.ಸಿ.ಟಿ.ಇ. ಚಟುವಟಿಕೆ ಅಂಕಗಳನ್ನು ಗಳಿಸಿದ್ದಾರೆ’ ಎಂದಿತ್ತು. ಪಾಠದ ಹೊರಗಿನ ಕೆಲಸಕ್ಕೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎ.ಐ.ಸಿ.ಟಿ.ಇ.) ಗೊತ್ತುಮಾಡಿದ ಅಂಕಗಳಿವು. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿ: ಮೊದಲ ವರ್ಷಕ್ಕೆ ಸೇರಿದವರು 100 ಅಂಕವನ್ನೂ ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ಸೇರಿದವರು 75 ಅಂಕವನ್ನೂ ಪೂರೈಸದಿದ್ದರೆ ಪದವಿಯೇ ಸಿಗುವುದಿಲ್ಲ. ಪದವಿ ಪಡೆದವರೆಲ್ಲರಲ್ಲೂ ಇರುವುದನ್ನು ಸಾಧನೆ ಎಂದು ಬರೆದರೆ, ಕರ್ನಾಟಕದ ಕಾಲೇಜುಗಳಿಂದ ಆಯ್ಕೆ ಮಾಡಿ ರೂಢಿಯಿರುವ ಯಾವ ಕಂಪನಿಯವರೂ ನಗುತ್ತಾರೆ; ಹೊರದೇಶದವರಿಗೆ ಆ ಸಾಲಿನ ತಲೆಬುಡವೇ ಅರ್ಥವಾಗುವುದಿಲ್ಲ. ಅಂಕ ತಂದುಕೊಟ್ಟ ಕೆಲಸವನ್ನು ಬರೆಯಬೇಕೇ ಹೊರತು ಅಂಕವನ್ನಲ್ಲ. ಎನ್.ಸಿ.ಸಿ.ಯ ‘ಸಿ’ ಪ್ರಮಾಣಪತ್ರದ ಮಾತು ಬೇರೆ. ಅದಕ್ಕೆ ಪರೀಕ್ಷೆಯಿದೆ, ಶ್ರೇಣಿಯಿದೆ, ಕನಿಷ್ಠ ‘ಬಿ’ ಶ್ರೇಣಿಯಿದ್ದರೆ ಸೇನೆಯ ಎನ್.ಸಿ.ಸಿ. ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಅಧಿಕಾರಿಗಳನ್ನು ಆಯ್ಕೆ ಮಾಡುವ ಮಂಡಳಿಯ (ಎಸ್.ಎಸ್.ಬಿ.) ಸಂದರ್ಶನಕ್ಕೆ ಅರ್ಜಿ ಹಾಕಲು ದಾರಿಯಿದೆ. ಆದ್ದರಿಂದ ಅದು ಶ್ರೇಣಿಯ ಸಮೇತ ಪುಟದ ಮೇಲ್ಭಾಗದಲ್ಲಿರಬೇಕು. ನಮ್ಮ ಹುಡುಗಿಯ ಗೆಳತಿಯೊಬ್ಬಳು ಇದೇ ಸಂಸ್ಥೆಗೆ ಹಣ ಕಟ್ಟಿದ್ದಳು. ಅವಳ ರೆಸ್ಯೂಮೆಯಲ್ಲಿ ‘ಸಿ’ ಪ್ರಮಾಣಪತ್ರ ಕೊನೆಯಲ್ಲಿ, ‘ಹವ್ಯಾಸಗಳು’ ಎಂಬಲ್ಲಿ, ಪ್ರವಾಸ ಮತ್ತು ಸಂಗೀತದ ನಡುವೆ ಸಿಕ್ಕಿಕೊಂಡಿತ್ತು.

ವಿನ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಕಾಲಂ, ಎಡಗಡೆ ನೀಲಿ ಪಟ್ಟಿ, ಅದರಲ್ಲಿ ‘ನಾಯಕತ್ವ’ ಎಂಬುದರ ಎದುರು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದ ಒಂದು ಗೆರೆ, ‘85%’ ಎಂಬ ಅಂಕಿ. ಯಾರು ಯಾವ ಮಾಪಕದಿಂದ ಅಳೆದರೋ ತಿಳಿಯದು. ಕಂಪನಿಗಳು ಅರ್ಜಿಗಳನ್ನು ಮೊದಲು ಓದಿಸುವ ತಂತ್ರಾಂಶಗಳು ಇಂಥ ಕಾಲಂಗಳನ್ನೂ ಚಿತ್ರಗಳನ್ನೂ ಕೆಲವೊಮ್ಮೆ ಅಡ್ಡಾದಿಡ್ಡಿಯಾಗಿ ಓದಿಬಿಡುತ್ತವೆ ಎಂಬುದನ್ನು ಎರಡನೆಯ ಮಾತುಕತೆಯಲ್ಲಿ ಸಲಹೆಗಾರ್ತಿಯೇ ಹೇಳಿದರು. ಅವರದೇ ತಂಡ ಕೊಟ್ಟ ಪುಟ ಆಗ ಪರದೆಯ ಮೇಲಿತ್ತು.

ಲಿಂಕ್ಡ್‌ಇನ್ ಬರಹದಲ್ಲಿ ಇದ್ದದ್ದು ಮಾತ್ರ ತಮಾಷೆಯ ಸಂಗತಿಯಲ್ಲ. ಎನ್.ಎಸ್.ಎಸ್. ಕೆಲಸವನ್ನು ‘ಅನುಭವ’ ಎಂಬ ವಿಭಾಗದಲ್ಲಿ, ಉದ್ಯೋಗದ ಸಾಲಿನಲ್ಲಿಟ್ಟು, ‘ಸಮುದಾಯ ಅಭಿವೃದ್ಧಿ ಸಹಾಯಕಿ’ ಎಂಬ ಅರ್ಥದ ಇಂಗ್ಲಿಷ್ ಹುದ್ದೆಯ ಹೆಸರನ್ನು ಕೊಟ್ಟಿದ್ದರು. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಅಂಥ ಹುದ್ದೆಯಿಲ್ಲ. 1969ರ ಸೆಪ್ಟೆಂಬರ್ 24ರಂದು, ಗಾಂಧೀ ಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದಂದಿನಿಂದ ಅಲ್ಲಿ ದುಡಿಯುವ ವಿದ್ಯಾರ್ಥಿಯ ಹೆಸರು ಸ್ವಯಂಸೇವಕ ಅಥವಾ ಸ್ವಯಂಸೇವಕಿ. ಇವಳು ಅದರ ಜೊತೆಗೆ ಒಂದು ವರ್ಷ ತಂಡದ ನಾಯಕಿಯಾಗಿದ್ದಳು, ಅಷ್ಟೇ. ಲಿಂಕ್ಡ್‌ಇನ್‌ನಲ್ಲಿ ಸ್ವಯಂಸೇವೆಗೆಂದೇ ಪ್ರತ್ಯೇಕ ವಿಭಾಗವಿದೆ. ಇಲ್ಲದ ಹುದ್ದೆಯನ್ನು ಉದ್ಯೋಗದ ಸಾಲಿನಲ್ಲಿಟ್ಟರೆ, ನಾಳೆ ಕೆಲಸಕ್ಕೆ ಸೇರುವಾಗ ಹಿನ್ನೆಲೆ ಪರಿಶೀಲನೆ ಮಾಡುವವರು ಅದಕ್ಕೆ ದಾಖಲೆ ಕೇಳಬಹುದು; ನೇಮಕಾತಿ ಪತ್ರ, ಬಿಡುಗಡೆ ಪತ್ರ ಎಂದರೆ ಇವಳು ಎಲ್ಲಿಂದ ತರಬೇಕು? ಇದನ್ನು ನಾನು ಬರವಣಿಗೆಯಲ್ಲಿ ತಿಳಿಸಿದ ಮೇಲೆ ತಿದ್ದಿದರು. ಆದರೆ ಅದನ್ನು ಎರಡು ತಿದ್ದುಪಡಿಗಳಲ್ಲಿ ಒಂದೆಂದು ಲೆಕ್ಕ ಹಿಡಿದರು. ತಮ್ಮ ತಪ್ಪನ್ನು ತಾವು ಸರಿಪಡಿಸಿದ್ದು ಗ್ರಾಹಕರ ಲೆಕ್ಕಕ್ಕೆ ಹೇಗೆ ಬರುತ್ತದೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ವಿಶ್ವವಿದ್ಯಾಲಯಕ್ಕೆಂದು ಸಿದ್ಧಪಡಿಸಿದ ಸಿ.ವಿ. ಇದಕ್ಕಿಂತ ಮೇಲಿತ್ತು ಎಂಬುದನ್ನೂ ಹೇಳಬೇಕು. ಉದ್ಯೋಗದಾತರಿಗೂ ವಿಶ್ವವಿದ್ಯಾಲಯಕ್ಕೂ ಒಂದೇ ಕಾಗದ ಸಲ್ಲದು ಎಂಬ ತಿಳಿವಳಿಕೆ ನಮ್ಮ ಬಹಳಷ್ಟು ವಿದ್ಯಾರ್ಥಿಗಳಲ್ಲಿಲ್ಲ, ಅಧ್ಯಾಪಕರಲ್ಲಿಯೂ ಇಲ್ಲ. ಕಂಪನಿಯವರು ಪಠ್ಯೇತರ ಕೆಲಸದಲ್ಲಿ ಹುಡುಕುವುದು ಇವಳು ಜೊತೆಯವರೊಂದಿಗೆ ಹೊಂದಿಕೊಂಡು, ಹೇಳಿದ ದಿನಕ್ಕೆ ಕೆಲಸ ಮುಗಿಸಬಲ್ಲಳೇ ಎಂಬುದನ್ನು. ಆದ್ದರಿಂದ ಅಲ್ಲಿ ಡೊಳ್ಳಿನ ಜಮಾಖರ್ಚು ಬಾವಿಯ ನಕ್ಷೆಯಷ್ಟೇ ಮುಖ್ಯ. ಸ್ನಾತಕೋತ್ತರ ಪ್ರವೇಶದಲ್ಲಿ, ಅದರಲ್ಲಿಯೂ ಜರ್ಮನಿಯಂಥ ಕಡೆ, ಮೊದಲು ನೋಡುವುದು ಅಂಕಗಳನ್ನು, ಮತ್ತು ಪದವಿಯಲ್ಲಿ ಓದಿದ ವಿಷಯಗಳು ಆ ಕೋರ್ಸಿಗೆ ಹೊಂದುತ್ತವೆಯೇ ಎಂಬುದನ್ನು. ಭಾರತದ ವಿದ್ಯಾರ್ಥಿಗಳು 2022ರ ನವೆಂಬರಿನಿಂದ, ಅರ್ಜಿದಾರರ ದಾಖಲೆಗಳನ್ನು ಪರಿಶೀಲಿಸುವ ಜರ್ಮನಿಯ ಎ.ಪಿ.ಎಸ್. ಎಂಬ ಕಚೇರಿಯ ಪ್ರಮಾಣಪತ್ರವನ್ನೂ ಪಡೆಯಬೇಕು, ಅಲ್ಲಿ ಪರಿಶೀಲಿಸುವುದು ಓದಿನ ದಾಖಲೆಗಳನ್ನೇ ಹೊರತು ಡೊಳ್ಳನ್ನಲ್ಲ. ಪಠ್ಯೇತರ ಕೆಲಸಕ್ಕೆ ಅಲ್ಲಿರುವ ಜಾಗ ಚಿಕ್ಕದು, ಅದು ವಿಷಯಕ್ಕೆ ತಾಗಿದಾಗ ಮಾತ್ರ ತೂಕ. ಹಾಗಾಗಿ ಸಿ.ವಿ.ಯಲ್ಲಿ ಬಾವಿಗಳ ಸಮೀಕ್ಷೆಯನ್ನು ಮೇಲಕ್ಕೆ ತಂದು, ಉಳಿದದ್ದನ್ನೆಲ್ಲ ಕೆಳಗೆ ಮೂರು ಸಾಲಿಗೆ ಇಳಿಸಿ, ಪ್ರತಿಯೊಂದಕ್ಕೂ ತಿಂಗಳು ಮತ್ತು ವರ್ಷ ಹಾಕಿದ್ದರು. ಜರ್ಮನಿಯವರು ಸಿ.ವಿ.ಯಲ್ಲಿ ದಿನಾಂಕಗಳ ನಡುವೆ ಕಾರಣವಿಲ್ಲದ ಅಂತರ ಇರುವುದನ್ನು ಇಷ್ಟಪಡುವುದಿಲ್ಲ ಎಂಬ ಅವರ ಸಲಹೆ ಸರಿಯಾದದ್ದು. ಅಮೆರಿಕಕ್ಕೆ ಅರ್ಜಿ ಹಾಕುವವರಿಗೆ ಲೆಕ್ಕ ಮತ್ತೆ ಬೇರೆ: ಬರ್ಕ್‌ಲಿಯಂಥ ಕಡೆ ಓದಿನ ಉದ್ದೇಶಕ್ಕೆ ಒಂದು ಪತ್ರ, ತಾನು ಬಂದ ದಾರಿಯ ಬಗ್ಗೆ ಇನ್ನೊಂದು ಪತ್ರ ಎಂದು ಎರಡನ್ನು ಕೇಳುತ್ತಾರೆ, ಹೆಗ್ಗೋಡು, ಕನ್ನಡ ಸಂಘಗಳಿಗೆ ಜಾಗ ಸಿಗುವುದು ಆ ಎರಡನೆಯದರಲ್ಲಿ.

ಉದ್ದೇಶ ಪತ್ರಕ್ಕೆ ಅವರು ಹೇಳಿದ ದರ 7,000, ತೆರಿಗೆ ಸೇರಿ 8,260. ಮಾದರಿಯೆಂದು ಮೊದಲ ಪ್ಯಾರಾ ಬರೆದು ಕಳುಹಿಸಿದ್ದರು. ‘ಬಾಲ್ಯದಿಂದಲೂ ನೀರು ನನ್ನನ್ನು ಸೆಳೆಯುತ್ತಿತ್ತು’ ಎಂದು ಅದು ಶುರುವಾಗುತ್ತಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಬಿಡದ ಊರಿನಲ್ಲಿ ಬೆಳೆದವಳನ್ನು ನೀರು ಸೆಳೆಯಿತೆಂದರೆ ಹೊಳೆಗೆ ಬಿದ್ದಳೆಂದೇ ಅರ್ಥ ಎಂದು ಅಣ್ಣ ನಕ್ಕ. ಆ ಸೇವೆಯನ್ನು ನಾವು ಪಡೆಯಲಿಲ್ಲ. ಶಿವರಾತ್ರಿಗೆ ಬತ್ತುವ ಬಾವಿ ಮತ್ತು ಯುಗಾದಿಗೆ ಬತ್ತುವ ಬಾವಿಯ ನಡುವಿನ ವ್ಯತ್ಯಾಸ ತನಗೆ ಯಾಕೆ ಪ್ರಶ್ನೆಯಾಗಿ ಉಳಿಯಿತು ಎಂಬಲ್ಲಿಂದ ಆರಂಭಿಸಿ ಅವಳೇ ಬರೆದಳು. ಇಂಗ್ಲಿಷಿನಲ್ಲಿ ಎರಡು ಕಡೆ ವ್ಯಾಕರಣ ತಪ್ಪಿತ್ತು. ಅದನ್ನು ಅವಳ ಇಂಗ್ಲಿಷ್ ಅಧ್ಯಾಪಕರು ತಿದ್ದಿಕೊಟ್ಟರು.

ಇನ್ನೊಂದು ಸೇವೆಯ ಬಗ್ಗೆ ಹೇಳದೆ ಇರಲಾರೆ. ಹೆಚ್ಚುವರಿ ಹಣಕ್ಕೆ ಶಿಫಾರಸು ಪತ್ರಗಳ ಕರಡನ್ನೂ ಬರೆದುಕೊಡುತ್ತೇವೆ, ನಿಮ್ಮ ಪ್ರಾಧ್ಯಾಪಕರು ಸಹಿ ಮಾಡಿದರೆ ಸಾಕು ಎಂದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ನಾನೇ ಹನ್ನೊಂದು ವರ್ಷಗಳಲ್ಲಿ ಬರೆದುಕೊಟ್ಟ ಪತ್ರಗಳ ಪ್ರತಿಗಳನ್ನು ತೆಗೆದು ನೋಡಿದಾಗ, ‘ಪ್ರಾಮಾಣಿಕ, ಪರಿಶ್ರಮಿ, ಸೇವಾಮನೋಭಾವವುಳ್ಳ’ ಎಂಬ ಮೂರು ವಿಶೇಷಣಗಳು ಎಲ್ಲದರಲ್ಲೂ ಅದೇ ಕ್ರಮದಲ್ಲಿದ್ದವು. ಹೆಸರು, ನೋಂದಣಿ ಸಂಖ್ಯೆಗಳು ಮಾತ್ರ ಬದಲು. ಒಂದು ಪತ್ರದಲ್ಲಿ ಹುಡುಗನಿಗೆ ‘ಅವಳು’ ಎಂದಿತ್ತು. ಅಧ್ಯಾಪಕರು ಹೀಗೆ ಬರೆಯುವವರೆಗೆ ಅಂಗಡಿಯವರು ಕರಡು ಮಾರುವುದನ್ನು ಬಾಯಿ ತೆರೆದು ಖಂಡಿಸುವ ಅರ್ಹತೆ ನಮಗೆ ಇಲ್ಲ. ಈಗ ನಾನು ಪತ್ರ ಕೇಳಿ ಬಂದವರಿಗೆ ದಿನಚರಿ ತರಲು ಹೇಳುತ್ತೇನೆ. ಅದರಿಂದ ಒಂದು ಪತ್ರಕ್ಕೆ ಹತ್ತು ನಿಮಿಷದ ಬದಲು ಒಂದು ಗಂಟೆ ಹಿಡಿಯುತ್ತಿದೆ, ಮತ್ತು ಕೆಲವರು ದಿನಚರಿ ಇಲ್ಲವೆಂದು ಪತ್ರ ಕೇಳುವುದನ್ನೇ ಬಿಟ್ಟಿದ್ದಾರೆ.

ಕೊನೆಗೆ ಉಳಿದ ಒಂದು ತಿದ್ದುಪಡಿಯಲ್ಲಿ ನಾವೇ ಬರೆದು ಕಳುಹಿಸಿದ ಸಾಲನ್ನು ಅವರು ಹಾಗೆಯೇ ಸೇರಿಸಿದರು: ‘ಎನ್.ಎಸ್.ಎಸ್. ವಿಶೇಷ ಶಿಬಿರ, 7 ದಿನ. ನಾಲ್ವರ ತಂಡದಲ್ಲಿ 63 ಮನೆಗಳಿಗೆ ಭೇಟಿ ನೀಡಿ 38 ತೆರೆದ ಬಾವಿಗಳು ಬತ್ತುವ ಕಾಲವನ್ನು ದಾಖಲಿಸಿದ್ದು. ನಕ್ಷೆ ತಯಾರಿಸಿ ಗ್ರಾಮ ಪಂಚಾಯಿತಿಗೆ ಕೊಟ್ಟದ್ದು ನಾನು.’ ನೀಲಿ ಪಟ್ಟಿ, 85% ಹೋದವು. ಈ ರೂಪದ ರೆಸ್ಯೂಮೆಯೊಂದಿಗೆ ಅವಳು ಇನ್ನೂ ಎರಡು ಕಂಪನಿಗಳ ಸಂದರ್ಶನಕ್ಕೆ ಹೋಗಿ, ನೀರು ಸರಬರಾಜಿನ ಯೋಜನೆಗಳನ್ನು ಮಾಡುವ ಒಂದು ಚಿಕ್ಕ ಸಲಹಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಜರ್ಮನಿಯ ಅರ್ಜಿಗಳ ಉತ್ತರ ಇನ್ನೂ ಬಂದಿಲ್ಲ.

ಐದರಲ್ಲಿ ಎಷ್ಟು ಎಂದು ಕೇಳಿದರೆ ಎರಡೂವರೆ ಕೊಡುತ್ತೇನೆ, ಮತ್ತು ಆ ಎರಡೂವರೆಯಲ್ಲಿ ಎರಡು ಆ ಸಲಹೆಗಾರ್ತಿಗೆ ಸಲ್ಲಬೇಕು. ಮನೆಯಲ್ಲಿ ಅಥವಾ ಕಾಲೇಜಿನಲ್ಲಿ ಒಂದು ಗಂಟೆ ಎದುರು ಕುಳಿತು ಬಿಡದೆ ಪ್ರಶ್ನೆ ಕೇಳುವವರು ಯಾರಾದರೂ ಇದ್ದರೆ ಈ ಸೇವೆ ಬೇಡ. ಯಾರೂ ಇಲ್ಲದವರಿಗೆ, ಅಂಥವರು ಬಹಳ ಜನ ಇದ್ದಾರೆ, ಅದರ ಬೆಲೆಯನ್ನು ನಾನು ಅಲ್ಲಗಳೆಯಲಾರೆ. ಅಣ್ಣನ ಎರಡನೆಯ ಮಗ ಈಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ, ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಾನೆ. ಅವನಿಗಾಗಿ ಮೊದಲ ಒಂದು ಗಂಟೆಯ ಮಾತುಕತೆಯನ್ನಷ್ಟೇ ಕೊಳ್ಳಬಹುದೇ ಎಂದು ಕೇಳಲು ಕಳೆದ ವಾರ ನಾನೇ ಫೋನ್ ಮಾಡಿದ್ದೆ. ಅದನ್ನು ಬಿಡಿಯಾಗಿ ಮಾರುವುದಿಲ್ಲ, ಪೂರ್ತಿ ಪ್ಯಾಕೇಜನ್ನೇ ತೆಗೆದುಕೊಳ್ಳಬೇಕು ಎಂದರು.